ಜೀಪಿನೊಳಗೆ ಹೊಡೆದ ನ್ಯಾನೋ ಸ್ಪ್ರೇ

ಎಸ್ಟೇಟೊಂದರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡಲು ಬಾಳೂರಿನಿಂದ ಕಳಸಕ್ಕೆ ಯೂಸುಫಣ್ಣನ ಬಾಡಿಗೆ ಜೀಪಿನಲ್ಲಿ ಹೊರಟಿದ್ದೆ. ಜೋರು ಮಳೆ. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿ ದಾರಿ ಕಾಣದಾಯಿತು. ಅವರು ಜೀಪು ನಿಲ್ಲಿಸಿದರು. ಮುಚ್ಚಿದ್ದ ಕಿಟಕಿಗಳನ್ನು ತೆರೆಯದೆಯೇ ಗಾಜು ಒರೆಸಿ, ಡಬ್ಬಿಯೊಂದರಿಂದ ಪುಸ್ ಪುಸ್ ಎಂದು ಸ್ಪ್ರೇ ಹೊಡೆದರು.

“ನ್ಯಾನೋ ಸಾರ್. ಇನ್ನು ಮಂಜು ಕೂರಲ್ಲ.”

ನನಗೆ ಕೆಮ್ಮು ಹತ್ತಿತು. ಡಬ್ಬಿ ತೆಗೆದುಕೊಂಡು ಓದಿದೆ. ಗಾಳಿಯಾಡುವ ಕಡೆ ಮಾತ್ರ ಬಳಸಿ, ಉಸಿರಿನೊಳಗೆ ಎಳೆದುಕೊಳ್ಳಬೇಡಿ ಎಂದು ಬರೆದಿತ್ತು.

“ಗಾಜಿಗೆ ಅಂಟಿದ ಮೇಲೆ ಅಷ್ಟೇನೂ ತೊಂದರೆಯಿಲ್ಲ ಯೂಸುಫಣ್ಣ. ಗಾಳೀಲಿ ತೇಲುವಾಗಲೇ ಕಷ್ಟ. ತೀರಾ ಸಣ್ಣ ಕಣ, ಶ್ವಾಸಕೋಶದ ತಳಕ್ಕೇ ಇಳಿಯುತ್ತೆ.”

“ಹೌದಾ ಮಾರಾಯ್ರೇ? ಮಳೆಗಾಲ ಪೂರ್ತಿ ಹೀಗೇ ಹೊಡೀತಿದ್ದೀನಲ್ಲ! ಕೆಮ್ಮು ಅಂತ ಹೋದ್ರೆ ಡಾಕ್ಟ್ರು ಬೀಡಿ ಬಿಡಿ ಅಂದ್ರು. ಬೀಡಿ ನಾನು ಮುಟ್ಟಿದವನೇ ಅಲ್ಲ.”

ಯೂಸುಫಣ್ಣ ಎಲ್ಲ ಕಿಟಕಿಗಳನ್ನೂ ತೆರೆದು ಗಾಡಿ ಬಿಟ್ಟರು. ಮಳೆ ನೇರ ನನ್ನ ಮಡಿಲಿಗೇ ಬರುತ್ತಿತ್ತು. ಮುಚ್ಚಿ ಎನ್ನಲು ಬಾಯಿ ಬರಲಿಲ್ಲ. ಉಪದೇಶ ಮಾಡಿದವನು ನಾನೇ.

ಕಿಟಕಿ ತೆರೆದಿದ್ದರೆ ಗಾಜಿಗೆ ಮಂಜೇ ಕಟ್ಟುವುದಿಲ್ಲ ಎಂಬುದು ಕಳಸದಲ್ಲಿ ಅಂಗಿ ಹಿಂಡುವಾಗ ಇಬ್ಬರಿಗೂ ಹೊಳೆಯಿತು.