ಪಂಜದ ಅಕ್ಕ ನಾನಲ್ಲ

ಆನ್‌ಲೈನ್ ಕೂಟದ ಮೊದಲ ಕಾಲು ಗಂಟೆಯನ್ನು ಯಾರೂ ಕೂಟ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರು ‘ಕೇಳ್ತಾ ಉಂಟಾ’ ಎಂದು ಕೇಳುತ್ತಾರೆ. ಇನ್ನೊಬ್ಬರ ದನಿಯೇ ಬರುವುದಿಲ್ಲ, ‘ನಿಮ್ಮದು ಮ್ಯೂಟ್ ಉಂಟು’ ಎಂದು ನಾಲ್ಕೈದು ಜನ ಒಟ್ಟಿಗೆ ಕೂಗುತ್ತಾರೆ. ಆ ಗಲಾಟೆಯಲ್ಲಿ ಅವರು ಮ್ಯೂಟ್ ತೆಗೆದು ಮಾತು ಮುಗಿಸಿದ್ದೂ ಗೊತ್ತಾಗುವುದಿಲ್ಲ. ಈ ಕಾಲು ಗಂಟೆಯನ್ನು ತುಂಬಿಸುವ ಕೆಲಸವನ್ನು ಯಾರೂ ನನಗೆ ಕೊಟ್ಟಿರಲಿಲ್ಲ. ನಾನೇ ಎತ್ತಿಕೊಂಡು, ಬೇರೆಯವರ ದನಿ ಅನುಕರಿಸಿ ನಗಿಸುತ್ತಿದ್ದೆ.

ನಮ್ಮದು ಮುಕ್ತ ತಂತ್ರಾಂಶದ ಒಂದು ಗುಂಪು. ಮಕ್ಕಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಒಂದು ತಂತ್ರಾಂಶವಿದೆ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದರ ಗುಂಡಿಗಳ ಮೇಲಿನ ಮಾತು, ತಪ್ಪು ಒತ್ತಿದಾಗ ಬರುವ ಮಾತು, ಎಲ್ಲವನ್ನೂ ನಮ್ಮ ನಮ್ಮ ಭಾಷೆಗೆ ತರುವುದು ನಮ್ಮ ಕೆಲಸ. ಯಾರಿಗೂ ಸಂಬಳವಿಲ್ಲದ ಕಾರಣ ಜಗಳಕ್ಕೆ ರಜೆಯೂ ಇಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೂಟ. ನಡೆಸುವವನು ನಾನು. ಅಂದರೆ, ಪುತ್ತೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ಲಿಂಕ್ ಕಳಿಸುವುದು, ಅದೇ ಲಿಂಕಿನ ಕೆಳಗೆ ‘ಲಿಂಕ್ ಎಲ್ಲಿ?’ ಎಂದು ಬರೆದವರಿಗೆ ಇನ್ನೊಮ್ಮೆ ಕಳಿಸುವುದು, ಹಿಂದಿನಿಂದ ಕುಕ್ಕರ್ ಕೂಗುವ ಮನೆಗಳ ಮೈಕ್ ಬಂದ್ ಮಾಡುವುದು.

ತಾಂತ್ರಿಕ ಭಾಗ ಕಡಬದ ನನ್ನ ಗೆಳೆಯನದ್ದು. ಅವನ ಅಜ್ಜ ಕೇರಳದಿಂದ ಬಂದು ರಬ್ಬರ್ ಹಾಕಿದವರು. ಇವನು ಬೆಳಿಗ್ಗೆ ಮರ ಗೀರಿ ಚಿಪ್ಪಿಗೆ ಹಾಲು ಇಳಿಸುವ ರಬ್ಬರ್ ಟ್ಯಾಪಿಂಗ್ ಮುಗಿಸಿ ಮಧ್ಯಾಹ್ನ ನಮ್ಮ ಸರ್ವರ್ ನೋಡಿಕೊಳ್ಳುತ್ತಾನೆ. ಎರಡೂ ಸೋರುತ್ತವೆ, ಒಂದರ ಕೆಳಗೆ ಮಾತ್ರ ಚಿಪ್ಪು ಇಡಲಿಕ್ಕಾಗುತ್ತದೆ ಎಂದು ನಾನು ಅವನನ್ನು ಕೆಣಕುವುದುಂಟು. ನಮ್ಮಿಬ್ಬರ ಮೇಲೆ ಮೇಡಂ. ಧಾರವಾಡದ ಕಡೆಯವರು. ಎಲ್ಲರ ಅನುವಾದಗಳನ್ನು ಜೋಡಿಸಿ ಮೂಲ ಯೋಜನೆಗೆ ಕಳಿಸುವವರು. ಅವರನ್ನು ನಾನು ಇವತ್ತಿನವರೆಗೂ ಮುಖತಃ ಕಂಡಿಲ್ಲ, ಆದರೆ ಅವರ ದನಿ ನನ್ನ ಗಂಟಲಲ್ಲೇ ವಾಸವಾಗಿದೆ. ಅವರು ಬರುವ ಮೊದಲೇ ನಾನು ಅವರಾಗಿ ಕೂಟ ಶುರು ಮಾಡಿದ್ದೇನೆ. ಒಮ್ಮೆ ಅವರು ತಡವಾಗಿ ಬಂದು, ಕೇಳಿಸಿಕೊಂಡು, “ಏನ್ರೀ, ನಾ ಆಗಲೇ ಬಂದೇನೇನು?” ಎಂದು ಕೇಳಿದ್ದರು.

ಗೆಳೆಯನ ದನಿಯನ್ನೂ ಮಾಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ನಾನೇ ಕಟ್ಟಿದ ಒಬ್ಬಳು ಅಜ್ಜಿ. ಅವಳು ಅರೆಭಾಷೆಯಲ್ಲಿ, ಅಂದರೆ ಸುಳ್ಯದ ಕಡೆ ಗೌಡರ ಮನೆಗಳಲ್ಲಿ ಆಡುವ, ಮರ್ಕಂಜದ ನಮ್ಮ ಮನೆಯಲ್ಲೂ ಆಡುವ ಮಾತಿನಲ್ಲಿ, ಕಂಪ್ಯೂಟರಿಗೆ ಬೈಯುತ್ತಿದ್ದಳು. ಕೇಳುವವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಪೂರ್ತಿ ನಗುತ್ತಿದ್ದರು. ಮೈಸೂರಿನವರೊಬ್ಬರು ಅವಳು ನಿಜವೆಂದೇ ನಂಬಿ, ಮಂಡಿನೋವಿಗೆ ಎಣ್ಣೆ ಯಾವುದೆಂದು ಕೇಳಿ ಬರೆದಿದ್ದರು.

ಇದರ ನಡುವೆ ನನಗೊಂದು ನಿಜವಾದ ಆಸೆಯಿತ್ತು. ಆ ತಂತ್ರಾಂಶವನ್ನು ಅರೆಭಾಷೆಗೆ ತರುವುದು. ಶಾಲೆಯಲ್ಲಿ, ಕಚೇರಿಯಲ್ಲಿ, ಭಾಷೆ ಯಾವುದೆಂದು ಕೇಳಿದಲ್ಲೆಲ್ಲ ನಮ್ಮದು ಯಾವತ್ತೂ ‘ಇತರೆ’. ಒಂದೇ ಒಂದು ಕಡೆಯಾದರೂ ಅದರ ಹೆಸರೇ ಕಾಣಬೇಕು ಎಂಬ ಹಟ. ಒಂದು ಮಳೆಗಾಲವಿಡೀ ಕುಳಿತು ಒಬ್ಬನೇ ಮುಗಿಸಿದೆ. ಆದರೆ ನಿಯಮ ಎಂದರೆ ನಿಯಮ: ಆ ಭಾಷೆ ಆಡುವ ಇನ್ನೊಬ್ಬರು ಓದಿ ಒಪ್ಪದೆ ಯಾವ ಭಾಷೆಯೂ ಸೇರುವಂತಿಲ್ಲ. ಹೊಸ ಆವೃತ್ತಿಗೆ ಭಾಷೆಗಳನ್ನು ಸೇರಿಸುವುದು ಆ ತಿಂಗಳ ಕೂಟದ ಭಾನುವಾರ ಸಂಜೆಗೆ ಮುಗಿಯುವುದಿತ್ತು.

ಆ ಇನ್ನೊಬ್ಬರಾಗಿ ಸಿಕ್ಕಿದವರು ಪಂಜದ ಅಕ್ಕ. ದೂರದ ಸಂಬಂಧ, ವಿಮೆ ಏಜೆಂಟ್. ಫೋನ್ ಮಾಡಿ ಕೇಳಿದರೆ, ಮೊದಲು ನನಗೊಂದು ಪಾಲಿಸಿ ವಿವರಿಸಿದರು. ನಾನು ಬದುಕಿದರೆ ಎಷ್ಟು, ಸತ್ತರೆ ಎಷ್ಟು ಎಂಬುದನ್ನು ಕೇಳಿ, ಸತ್ತರೇ ಲಾಭ ಎಂದು ನನಗೆ ಮನವರಿಕೆಯಾದ ಮೇಲೆ ಅವರು ನನ್ನ ವಿಷಯಕ್ಕೆ ಬಂದರು. ಆಯಿತು, ಕಳಿಸು, ಓದುತ್ತೇನೆ ಎಂದರು.

ಭಾನುವಾರ ಕೂಟದಲ್ಲಿ ಅವರನ್ನು ಪರಿಚಯಿಸಿದೆ. ಪಂಜದಲ್ಲಿ ಅವರ ಮನೆಯ ನೆಟ್ವರ್ಕ್ ಹೇಗೆಂದರೆ, ಮುಖ ತೋರಿಸಿದರೆ ದನಿ ಹೋಗುತ್ತದೆ. ಅದಕ್ಕೇ, ನಮ್ಮೆಲ್ಲರ ಹಾಗೆ, ಕ್ಯಾಮೆರಾ ಬಂದ್. ಮುಖದ ಜಾಗದಲ್ಲಿ ದಾಸವಾಳದ ಚಿತ್ರ.

“ಎಲ್ಲರಿಗೂ ನಮಸ್ಕಾರ. ನಾನು ಪಂಜದಿಂದ,” ಎಂದರು ಅಕ್ಕ.

ಕೂಟಕ್ಕೆ ಕೂಟವೇ ನಕ್ಕಿತು. ಚಪ್ಪಾಳೆಯ ಚಿತ್ರಗಳು ಪರದೆಯ ತುಂಬ ಹಾರಿದವು. ‘ಅಜ್ಜಿಗೆ ವಯಸ್ಸು ಕಮ್ಮಿ ಆಗಿದೆ’ ಎಂದು ಯಾರೋ ಬರೆದರು.

“ಭಾಳ ಛಲೋ ಮಾಡ್ತೀರಿ,” ಎಂದರು ಮೇಡಂ. “ಈಗ ನಿಜವಾದ ಅಕ್ಕಾರನ್ನ ಕರೀರಿ.”

“ಅವರೇ ಮೇಡಂ, ನಿಜವಾದವರು.”

“ಎಂತ ಮಾರಾಯ, ಯಾಕೆ ನಗಾಡುದು ಇವರೆಲ್ಲ?” ಎಂದರು ಅಕ್ಕ. ಮತ್ತೆ ನಗು.

“ನೋಡ್ರಿ, ನಾ ನಿಮ್ಮನ್ನ ನಂಬಬೇಕಂದ್ರ ಹ್ಯಾಂಗ ನಂಬಲಿ?” ಮೇಡಂ ದನಿ ಈಗ ಗಟ್ಟಿಯಾಗಿತ್ತು. “ಒಬ್ಬರ ಕೆಲಸಾನ ಅವರೇ ಒಪ್ಪೂದು ಆಗಬಾರದು ಅಂತನ ಈ ನಿಯಮ ಅದ. ಒಂದು ಕೆಲಸ ಮಾಡ್ರಿ. ನೀವು, ಅಕ್ಕಾರು, ಇಬ್ಬರೂ ಒಮ್ಮೆಲೇ ಮಾತಾಡ್ರಿ.”

ಇದು ಸುಲಭ ಎಂದುಕೊಂಡೆ. ಇಬ್ಬರೂ ಒಟ್ಟಿಗೆ ನಮ್ಮ ನಮ್ಮ ಊರಿನ ಹೆಸರು ಹೇಳಿದೆವು. ಆದರೆ ಈ ಕೂಟದ ವ್ಯವಸ್ಥೆಗೆ ಒಂದು ಗುಣವಿದೆ: ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರನ್ನು ಗದ್ದಲವೆಂದು ತಿಳಿದು ನುಂಗಿಬಿಡುತ್ತದೆ. ಹಾಗಾಗಿ ಎಲ್ಲರಿಗೂ ಕೇಳಿಸಿದ್ದು ಸ್ವಲ್ಪ ನಾನು, ಸ್ವಲ್ಪ ಅಕ್ಕ, ಮತ್ತೆ ಸ್ವಲ್ಪ ನಾನು. ಒಬ್ಬನೇ ಮನುಷ್ಯ ಗಂಟಲು ಬದಲಾಯಿಸುತ್ತಿದ್ದಾನೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಬೇಕೆಂದು ಮಾಡಿದ್ದರೂ ಸಿಗುತ್ತಿರಲಿಲ್ಲ.

ಗೆಳೆಯ ನೆರವಿಗೆ ಬಂದ. “ಮೇಡಂ, ಇವನು ಬೇರೆ, ಅವರು ಬೇರೆ. ನಾನು ಗ್ಯಾರಂಟಿ.”

“ನೀವು ಯಾರು ಅಂತ ಯಾರು ಗ್ಯಾರಂಟಿ ಕೊಡ್ತಾರ?”

ಅವನಿಂದ ನನಗೆ ಖಾಸಗಿಯಾಗಿ ಒಂದು ಸಂದೇಶ ಬಂತು: ‘ಎಡಾ, ನಿಜ ಹೇಳು, ಅದು ನೀನೇ ಅಲ್ಲವಾ?’ ಅಷ್ಟರಲ್ಲಿ ಎಲ್ಲರಿಗೂ ಕಾಣುವ ಕಡೆ ಇನ್ನೊಬ್ಬರು ಬರೆದರು: ‘ಹಾಗಾದರೆ ಮೇಡಂ ಕೂಡ ಇವನೇನಾ?’

“ನೀವು ಮಿಮಿಕ್ರಿ ಬಿಟ್ಟು ನಿಮ್ಮ ಸ್ವಂತ ದನಿಯೊಳಗ ಒಂದು ಮಾತು ಹೇಳ್ರಿ,” ಎಂದರು ಮೇಡಂ.

ಬಾಯಿ ತೆರೆದೆ. ಹೊರಗೆ ಬಂದದ್ದು ಬಸ್ ಸ್ಟ್ಯಾಂಡಿನ ಅನೌನ್ಸರ್. ಮುಚ್ಚಿ, ಮತ್ತೆ ತೆರೆದೆ. ಗೆಳೆಯ ಬಂದ. ಸ್ವಂತದ್ದು ಯಾವ ಮೂಲೆಯಲ್ಲಿ ಬಿದ್ದಿದೆ ಎಂದು ಹುಡುಕಬೇಕಾಯಿತು. ಮನೆಯಲ್ಲಿ ಅಮ್ಮನ ಹತ್ತಿರ ಊಟ ಕೇಳುವಾಗ ನಾನು ಯಾವ ದನಿಯಲ್ಲಿ ಕೇಳುತ್ತೇನೆ? ನೆನಪಾಗಲೇ ಇಲ್ಲ.

ಆಗ ಅಕ್ಕನ ದನಿ ಬಂತು, ಎಲ್ಲೂ ತುಂಡಾಗದೆ ಸ್ವಚ್ಛವಾಗಿ. “ನೀವು ನಿಮ್ಮ ಪಂಚಾತಿಕೆ ಮುಗಿಸಿಕೊಳ್ಳಿ. ನನಗೆ ನಾಲ್ಕು ಗಂಟೆಗೆ ಒಂದು ಗಿರಾಕಿ ಉಂಟು. ನಾನು ಹೇಳ್ಬೇಕಾದ್ದು ಹೇಳಿ ಹೋಗ್ತೇನೆ. ಇವನು ಬರೆದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.”

ಈ ಸಲ ಯಾರೂ ನಗಲಿಲ್ಲ. “ಅಕ್ಕಾ, ಎಂತ ಹೇಳುದು ನೀವು?” ಎಂದೆ.

“ಮತ್ತೆ? ನಾನು ಓದಿದ್ದೇನೆ, ಪೂರ್ತಿ. ಜನರ ಹತ್ತಿರ ಪಾಲಿಸಿ ಓದಿಸದೆ ಸಹಿ ಹಾಕಿಸಿಕೊಳ್ಳುದುಂಟು, ಆದರೆ ನಾನು ಓದದೆ ಹಾಕುದಿಲ್ಲ. ಮಕ್ಕಳು ಚಿತ್ರ ಅಳಿಸ್ಲಿಕ್ಕೆ ಹೋದರೆ ‘ಅಳಿಸಬೇಕಾ’ ಅಂತ ಕೇಳಿದರೆ ಸಾಕಲ್ಲ? ನೀನು ಎಂತ ಬರೆದದ್ದು? ಇಷ್ಟು ಹೊತ್ತು ಗೀಚಿ ಈಗ ಅಳಿಸುದಾ ಬುದ್ಧಿವಂತ, ಅಂತ. ಚಿತ್ರ ಸಿಗದಿದ್ದರೆ, ಎಲ್ಲಿಟ್ಟೆ ಅಂತ ನನ್ನ ಹತ್ತಿರ ಕೇಳಿದರೆ ಹೇಗೆ, ಅಂತ. ಇದು ಯಾರು ಮಾತಾಡುದು? ಕಂಪ್ಯೂಟರಾ, ನಿನ್ನ ಆ ಅಜ್ಜಿಯಾ?”

“ತಮಾಷೆಗೆ ಅಕ್ಕಾ. ಮಕ್ಕಳಿಗೆ ಖುಷಿ ಆಗ್ತದೆ ಅಂತ.”

“ನಮ್ಮ ಭಾಷೆಯವರು ಬಾಯಿ ಬಿಟ್ಟರೆ ಸಾಕು, ಎಲ್ಲ ನಗಾಡ್ಲಿಕ್ಕೆ ಕೂತುಕೊಳ್ತಾರೆ. ಈಗ ನೋಡಿದೆಯಲ್ಲ, ನಾನು ನಮಸ್ಕಾರ ಹೇಳಿದ್ದಕ್ಕೇ ನಕ್ಕರು. ಇನ್ನು ಕಂಪ್ಯೂಟರಿನಲ್ಲಿ ಸಹ ನಗಾಡಿಸುದಾ? ಬೇರೆ ಭಾಷೆಯ ಮಕ್ಕಳಿಗೆ ಅದು ಮರ್ಯಾದೆಯಲ್ಲಿ ಮಾತಾಡ್ತದೆ. ನಮ್ಮವಕ್ಕೆ ಮಾತ್ರ ಕಿಚಾಯಿಸುದಾ?”

ಉತ್ತರ ಹೇಳಬೇಕೆಂದರೆ ಅದನ್ನು ಯಾರ ದನಿಯಲ್ಲಿ ಹೇಳುವುದೆಂದು ಗೊತ್ತಿರಲಿಲ್ಲ.

ಮೇಡಂ ಗಂಟಲು ಸರಿಮಾಡಿಕೊಂಡರು. “ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಈಗ ನಂಬಿಕೆ ಬಂತು. ಈ ಮನುಷ್ಯಾ ಯಾರ ದನಿ ಬೇಕಾದ್ರೂ ಮಾಡ್ತಾರ, ಆದರ ತಮ್ಮ ಬರವಣಿಗೀಗೆ ತಾವ ಹಿಂಗ ಬೈಕೊಳ್ಳೂದಿಲ್ಲ. ನೀವ ಅರೆಭಾಷಾದ ಎರಡನೇ ಓದುಗರು.”

ಗೆಳೆಯ ಚಪ್ಪಾಳೆಯ ಚಿತ್ರ ಹಾಕಿದ. ನನಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಇದ್ದಾರೆ ಎಂದು ಸಾಬೀತಾಯಿತು, ಅಂದರೆ ಗೆದ್ದೆ. ಆದರೆ ಇರುವ ಅಕ್ಕ ಒಪ್ಪುವುದಿಲ್ಲ, ಅಂದರೆ ಸೋತೆ. ಒಪ್ಪಿದ್ದರೆ ಅಕ್ಕ ಇದ್ದಾರೆಂದು ಯಾರೂ ನಂಬುತ್ತಿರಲಿಲ್ಲ.

“ಅಕ್ಕಾ, ಇವತ್ತು ಸಂಜೆಯೇ ಕೊನೆ,” ಎಂದು ಅಂಗಲಾಚಿದೆ. “ಈಗ ಒಪ್ಪಿಬಿಡಿ. ಮತ್ತೆ ನಿಧಾನ ಓದಿ ತಿದ್ದುವ.”

“ಹೋಗಾ. ಆ ಡಯಲಾಗ್ ನಾನು ದಿನಾ ಹೊಡೆಯುದು.”

ಮೇಡಂ ಕೂಡ ಬಗ್ಗಲಿಲ್ಲ. ಒಪ್ಪಿಗೆಯಾಗದ್ದನ್ನು ಕಳಿಸಲಿಕ್ಕೆ ಬರುವುದಿಲ್ಲ, ಮುಂದಿನ ಆವೃತ್ತಿಗೆ ನೋಡೋಣ ಎಂದರು. ಆ ಸಂಜೆ ಹೋದ ಭಾಷೆಗಳ ಸಾಲಿನಲ್ಲಿ ನಮ್ಮದು ಇರಲಿಲ್ಲ. ‘ಇತರೆ’ ಎಂಬ ಜಾಗವೂ ಅದರಲ್ಲಿರಲಿಲ್ಲ.

ಒಬ್ಬೊಬ್ಬರೇ ಹೊರಗೆ ಹೋದರು. ಗೆಳೆಯ ದನಕ್ಕೆ ಹುಲ್ಲು ಹಾಕಲಿಕ್ಕಿದೆ ಎಂದು ಹೋದ. ನಾನು ಕೂಟ ಮುಚ್ಚುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ.

“ಆ ಗಿರಾಕಿ ಬರುದಿಲ್ಲವಂತೆ,” ಎಂದರು ಅಕ್ಕ. ಈಗ ನಾವಿಬ್ಬರೇ ಆದ್ದರಿಂದ ಅರೆಭಾಷೆಯಲ್ಲೇ ಹೇಳಿದ್ದು, ಕನ್ನಡ ಮಾಡಿದ್ದು ನಾನು. “ಆ ಅಳಿಸುವುದರಿಂದಲೇ ಶುರು ಮಾಡು. ಓದಿ ಹೇಳು, ನೋಡುವ.”

ಅಳಿಸಬೇಕೇ ಎಂಬಷ್ಟನ್ನೇ ಬರೆದೆ. ಓದಿದೆ. ‘ಅದು ನಿನ್ನ ಮೇಷ್ಟ್ರ ದನಿ’ ಎಂದರು. ಇನ್ನೊಮ್ಮೆ ಓದಿದೆ. ‘ಇದು ಟಿವಿಯವರದ್ದು.’ ಮೂರನೆಯ ಸಲ, ಎದುರಿಗೆ ಯಾವುದೋ ಮಗು ಕುಳಿತು ಬಣ್ಣ ಮೆತ್ತಿದ ಕೈಯಲ್ಲಿ ನನ್ನನ್ನೇ ನೋಡುತ್ತಿದೆ ಎಂದುಕೊಂಡು, ಸುಮ್ಮನೆ ಕೇಳಿದೆ.

ಆ ಕಡೆಯಿಂದ ಸದ್ದಿಲ್ಲ. ನೆಟ್ವರ್ಕ್ ಹೋಯಿತೋ, ಬೇಸರವಾಯಿತೋ, ಯೋಚಿಸುತ್ತಿದ್ದಾರೋ ತಿಳಿಯಲಿಲ್ಲ. ಕರೆಯೋಣವೆಂದರೆ ಯಾವ ದನಿಯಲ್ಲಿ ಕರೆಯುವುದೆಂಬ ಹೆದರಿಕೆ.

“ಹ್ಞೂಂ,” ಎಂದರು ಅಕ್ಕ. “ಮುಂದಿನದ್ದು ಓದು.”