ಬರೀ ಸೋಪಿನಲ್ಲಿ ಒಗೆಯಬೇಕಿದ್ದ ಬಟ್ಟೆ

ನಮ್ಮಕ್ಕ ಆಸ್ಪತ್ರೆಯ ಬಟ್ಟೆ ಒಗೆಯುತ್ತಲೇ ತಲೆ ನರೆಸಿಕೊಂಡವಳು. ರಕ್ತ, ಕೀವು ಏನೇ ಇರಲಿ, ಮೂಗು ಮುರಿದವಳಲ್ಲ. ಇವಳ ಕೈಯ ಕ್ರಿಮಿನಾಶಕದ ವಾಸನೆಗೆ ನೆಗಡಿಯೂ ಓಡಿಹೋಗುತ್ತೆ ಅಂತ ಭಾವ ಬದುಕಿದ್ದಾಗ ರೇಗಿಸುತ್ತಿದ್ದ. ಆಸ್ಪತ್ರೆಯವರು ಒಗೆಯುವ ಕೆಲಸ ಹೊರಗಿನವರಿಗೆ ವಹಿಸಿದಾಗ ನಾನೇ ಅವಳನ್ನು ನಮ್ಮ ನೂಲಿನ ಕಾರ್ಖಾನೆಗೆ ಸೇರಿಸಿದೆ.

ಅಲ್ಲಿ ನನ್ನದು ಮೆಷಿನ್ ಕೆಲಸ. ಪ್ಲಾಸ್ಟಿಕ್ ಕಾಳಿಗೆ ಬೆಳ್ಳಿಯ ಪುಡಿ ಬೆರೆಸಿ ಕರಗಿಸಿ, ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ನೂಲು ತೆಗೆಯುವುದು. ಆ ನೂಲಿನ ಬಟ್ಟೆ ಮೇಲೆ ರೋಗಾಣು ಕೂತರೆ ಸಾಯಬೇಕು. ಡಾಕ್ಟರು, ನರ್ಸುಗಳ ಮೇಲಂಗಿಗೆ ಅಂತ. ಪುಡಿ ತೂತಿಗೆ ಕಟ್ಟಿಕೊಂಡಾಗಲೆಲ್ಲ ನಾನು ಮೆಷಿನ್ನಿಗೂ ಎದುರಿಗೆ ಸಿಕ್ಕವರಿಗೂ ಸೇರಿಸಿ ಬೈಯುತ್ತಿದ್ದೆ. ಎಷ್ಟು ಒಗೆದರೂ ಗುಣ ಉಳಿದರೆ ಮಾತ್ರ ನಮ್ಮ ವಿಭಾಗ ಉಳಿಯುತ್ತೆ, ಇಲ್ಲದಿದ್ದರೆ ಬೀಗ ಅಂತ ಲ್ಯಾಬಿನ ಮೇಡಂ ಮೊದಲೇ ಹೇಳಿದ್ದರು. ಪರೀಕ್ಷೆಗೆ ಮುಂಚೆ ಬಟ್ಟೆಯನ್ನು ಮತ್ತೆ ಮತ್ತೆ ಒಗೆಯುವುದು ಅಕ್ಕನ ಪಾಲು. ಬರೀ ಸೋಪು, ಬರೀ ನೀರು ಅಂತ ಅವಳಿಗೆ ಒತ್ತಿ ಹೇಳಿದ್ದರು.

ಪರೀಕ್ಷೆಯಲ್ಲಿ ನಮ್ಮ ಬಟ್ಟೆ ಮೇಲೆ ಒಂದು ರೋಗಾಣುವೂ ಉಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಹೋಲಿಸಿ ನೋಡಲು ಜೊತೆಗೇ ಒಗೆಸಿದ್ದ ಮಾಮೂಲಿ ಬಟ್ಟೆ, ಬೆಳ್ಳಿ ಇಲ್ಲದ್ದು, ಅದರ ಮೇಲೂ ಉಳಿದಿರಲಿಲ್ಲ. ಮೇಡಂ ಅಕ್ಕನನ್ನು ಕರೆಸಿ ಮೆತ್ತಗೆ ಕೇಳಿದರು. ಅಕ್ಕ ಮುಚ್ಚಿಡಲಿಲ್ಲ. ಪ್ರತಿ ಸಲ ಕೊನೆಗೆ ಜಾಲಿಸುವ ನೀರಿಗೆ ಒಂದು ಮುಚ್ಚಳ ಕ್ರಿಮಿನಾಶಕ ಹಾಕಿದ್ದಳಂತೆ. ಅದರ ಅಂಶ ಬಟ್ಟೆಯಲ್ಲೇ ಉಳಿದು ರೋಗಾಣುಗಳನ್ನು ಕೊಂದಿತ್ತು.

"ನರ್ಸಮ್ಮನೋರು ಹಾಕ್ಕೊಳ್ಳೋ ಬಟ್ಟೆ ಅಂದ್ರಿ. ಹಾಗೇ ಹಿಂಡಿ ಒಣಗಿಸೋಕೆ ಕೈ ಬರಲಿಲ್ಲ ಮೇಡಂ."

ಎರಡೂ ಬಟ್ಟೆಯ ಹೊಸ ತುಂಡುಗಳನ್ನು ಮೇಡಂ ತಾವೇ ನಿಂತು ಒಗೆಸಿದರು. ಈ ಸಲ ರೋಗಾಣು ಎರಡರ ಮೇಲೂ ಒಂದೇ ಸಮ ಬೆಳೆದವು. ಪುಡಿ ನೂಲಿನ ಹೊಟ್ಟೆಯಲ್ಲೇ ಹೂತುಹೋಗಿದೆ, ಮೇಲಕ್ಕೆ ಬರುತ್ತಿಲ್ಲ ಅಂದರು. ವಿಭಾಗಕ್ಕೆ ಬೀಗ ಬಿತ್ತು. ಮೆಷಿನ್ನಿನ ತೂತಿನ ತಟ್ಟೆ ಬಿಚ್ಚಿ, ಒರೆಸಿ, ಎಣ್ಣೆ ಸವರಿ ಡಬ್ಬಕ್ಕೆ ಹಾಕಿಕೊಟ್ಟವನು ನಾನೇ. ಕೈ ತನ್ನ ಪಾಡಿಗೆ ಕೆಲಸ ಮಾಡಿತು.

ಮನೆಗೆ ನಡೆಯುವಾಗ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ತನ್ನಿಂದಲೇ ಕೆಲಸ ಹೋಯಿತಾ ಅಂತ ಕೇಳಿದಳು. ಇಲ್ಲ, ನೂಲೇ ಸರಿ ಇರಲಿಲ್ಲ ಅಂದೆ.

"ಆದ್ರೂ ಒಂದ್ಸಲ ಬೈದುಬಿಡೋ. ನೀನು ಸುಮ್ನಿದ್ರೆ ಹೆದರಿಕೆ ಆಗುತ್ತೆ."

ಬೈಗುಳ ಹುಡುಕಿದೆ. ನನ್ನ ಹತ್ತಿರ ಅದಕ್ಕೆ ಎಂದೂ ಬರ ಇರಲಿಲ್ಲ. ಒಂದೂ ಬಾಯಿಗೆ ಬರಲಿಲ್ಲ.

"ಸಿಟ್ಟು ಬಂದಾಗ ಬೈತೀನಿ, ನಡಿ."

ಸರಿ ಅಂತ ತಲೆಯಾಡಿಸಿದಳು. ರಸ್ತೆ ದಾಟಬೇಕಿತ್ತು. ಗಾಡಿ ಯಾವುದೂ ಬರುತ್ತಿರಲಿಲ್ಲ. ಆದರೂ ಇಬ್ಬರೂ ಅಲ್ಲೇ ನಿಂತಿದ್ದೆವು.