ಚೆಂಡಿನ ಜಾಗಕ್ಕೊಂದು ಚಪ್ಪಲಿ

ದೋಹಾದ ಅಲ್ ಥುಮಾಮಾದಲ್ಲಿರುವ ನನ್ನ ಫ್ಲಾಟಿನ ಬಾಗಿಲ ಬಳಿ ಒಂದು ಜೊತೆ ನೀಲಿ ಹವಾಯಿ ಚಪ್ಪಲಿಗಳಿವೆ. ಜೊತೆ ಎಂದೆನಾದರೂ ಈಗ ಅವು ಜೊತೆಯಂತೆ ಕಾಣುವುದಿಲ್ಲ. ಎಡಗಾಲಿನದು ಆಗಾಗ ನೀರು ಕಂಡು ಹೊಳೆಯುತ್ತದೆ; ಬಲಗಾಲಿನದರ ಅಡಿಗೆ ಮಾತ್ರ ಬಿಳಿಯ ಸುಣ್ಣ ಮೆತ್ತಿಕೊಂಡು ಹಾಗೆಯೇ ಉಳಿದಿದೆ. ಮನೆಗೆ ಬಂದವರು ಅದನ್ನು ನೋಡಿ, ತೊಳೆಯುವುದಾದರೆ ಎರಡನ್ನೂ ತೊಳೆಯಬಾರದಿತ್ತೇ ಎಂಬಂತೆ ನನ್ನ ಮುಖ ನೋಡುತ್ತಾರೆ. ಅದು ಫುಟ್‌ಬಾಲ್ ಆಡಿದ ಚಪ್ಪಲಿ ಎಂದು ನಾನು ಹೇಳಿದರೆ ನಕ್ಕು ಒಳಗೆ ಬರುತ್ತಾರೆ. ಓದುವ ಗೆಳೆಯರಾದ ನಿಮ್ಮ ಬಳಿ ಅಷ್ಟಕ್ಕೇ ಬಿಟ್ಟು ತಪ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಮೊದಲೇ ಒಂದು ಮಾತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು, ವೆಸ್ಟ್ ಬೇಯ ಕಚೇರಿಯೊಂದರಲ್ಲಿ ಕಡತಗಳಿಗೆ ಸಂಖ್ಯೆ ಕೊಡುವವನು, ಮತ್ತು ದಿನಚರಿ ಬರೆಯುವವನು. ಈ ಮೂರೂ ಸೇರಿ ನನ್ನನ್ನು ನನ್ನ ನೆನಪಿನ ಮೇಲೆ ಸಂಶಯವುಳ್ಳವನನ್ನಾಗಿ ಮಾಡಿವೆ. ದೋಹಾಕ್ಕೆ ಬಂದಿಳಿದ ದಿನ ಮರಳುಗಾಳಿ ಬೀಸುತ್ತಿತ್ತು ಎಂದು ಎಷ್ಟೋ ಮಂದಿಗೆ ಸೊಗಸಾಗಿ ವರ್ಣಿಸಿದ್ದೆ. ಒಮ್ಮೆ ಆ ದಿನದ ಪುಟ ತೆರೆದರೆ ಆಕಾಶ ಶುಭ್ರವಾಗಿತ್ತು, ನನಗೆ ತಲೆನೋವಿತ್ತು ಎಂದಷ್ಟೇ ಇತ್ತು. ಅಂದಿನಿಂದ ನನ್ನ ಕಣ್ಣಾರೆ ಕಂಡದ್ದನ್ನೂ ನಾನು ಎರಡು ಸಲ ವಿಚಾರಿಸಿಯೇ ನಂಬುವುದು. ಆದ್ದರಿಂದ ಈಗ ಹೇಳುವುದರಲ್ಲಿ ಮರಳುಗಾಳಿ ಬಂದರೆ ಕ್ಷಮೆ ಇರಲಿ.

ನಮ್ಮದು ಪಡುಗಡಲು ಫ್ರೆಂಡ್ಸ್ ಎಂಬ ಪುಟ್ಟ ಫುಟ್‌ಬಾಲ್ ತಂಡ. ದೊಡ್ಡ ಲೀಗುಗಳ ಪಟ್ಟಿಯಲ್ಲಿ ಅದು ಸಿಗದು. ಶುಕ್ರವಾರದ ಬಯಲುಗಳಲ್ಲಿ ಮಾತ್ರ ಸಿಗುತ್ತದೆ. ಉಳ್ಳಾಲದ ಕಡೆಯ ಬ್ಯಾರಿ ವ್ಯಾಪಾರಿಗಳು, ಸುರತ್ಕಲ್ಲು ಕಿನ್ನಿಗೋಳಿಯ ತುಳುವರು ಕೂಡಿ ಕಟ್ಟಿಕೊಂಡದ್ದು. ಊರಿನಲ್ಲಿ ಕಡಲು ಪಡುವಣಕ್ಕಿತ್ತು, ಸೂರ್ಯ ಅದರೊಳಗೆ ಮುಳುಗುತ್ತಿದ್ದ. ಇಲ್ಲಿ ಕಡಲು ಮೂಡಣಕ್ಕಿದೆ, ಸೂರ್ಯ ಅದರೊಳಗಿಂದ ಏಳುತ್ತಾನೆ. ಹೆಸರು ತಪ್ಪಲ್ಲವೇ ಎಂದು ನಾನೊಮ್ಮೆ ಸಂಶಯ ಎತ್ತಿದಾಗ, ಮಸಾಲೆ ಸಾಮಾನಿನ ಅಂಗಡಿ ಇಟ್ಟಿರುವ ನಮ್ಮ ನಾಯಕ ಹಮೀದಾಕ, "ದಿಕ್ಕು ನೀವೇ ಇಟ್ಟುಕೊಳ್ಳಿ ಪ್ರೊಫೆಸರೇ, ಹೆಸರು ನಮಗಿರಲಿ" ಎಂದುಬಿಟ್ಟರು. ನಾನು ಪ್ರೊಫೆಸರನಲ್ಲ. ಅದೂ ಒಂದು ಹೆಸರು ಅಷ್ಟೇ.

ಬರ್ವಾ ಅಲ್ ಬರಾಹಾದ ಆಚೆ ಒಂದು ಮರಳಿನ ಮೈದಾನವಿದೆ. ಅದು ನಮ್ಮದಲ್ಲ, ಯಾರದೂ ಅಲ್ಲ. ಆದರೆ ನಮ್ಮ ತಂಡ ಅಲ್ಲಿ ಆಡುವಾಗ ಅದು ನಮ್ಮ ಮನೆ, ಬಂದವರು ಅತಿಥಿಗಳು. ಈ ದೇಶದಲ್ಲಿ ನಾವೆಲ್ಲ ಅತಿಥಿಗಳೇ ಎಂಬ ಮಾತು ಕೂತಲ್ಲಿಗೇ ಬಂದು ಬಾಯಿಗೆ ಸೇರುವಷ್ಟು ಸಲೀಸು, ಹಾಗಾಗಿಯೇ ನಾನದನ್ನು ಆಡಲು ಹಿಂಜರಿಯುತ್ತೇನೆ. ಮನೆ ಯಾರದು ಎಂಬುದಕ್ಕೆ ನಮ್ಮಲ್ಲಿ ಸರಳ ಉತ್ತರವಿದೆ: ಬೆಳಿಗ್ಗೆ ಬಂದು ಸುಣ್ಣದ ಗೆರೆ ಎಳೆದವರದು. ತೂತು ಕೊರೆದ ತಗಡಿನ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ, ಬಗ್ಗಿ ಬಗ್ಗಿ ಗೆರೆ ಎಳೆಯುವುದು, ನೀರಿನ ಕ್ಯಾನು ಹೊರುವುದು, ನಮಾಜಿನ ಚಾಪೆ ತರುವುದು, ಆಟ ಮುಗಿದ ಮೇಲೆ ಎದುರಾಳಿಗಳಿಗೂ ಸೇರಿಸಿ ಕರಕ್ ಚಹಾ ಕೊಡುವುದು. ಇಷ್ಟು ಮಾಡಿದವರು ಮನೆಯವರು. ಆಡಲು ಬಾರದ ನನಗೆ ಗೆರೆಯ ಕೆಲಸ. ನನ್ನ ಗೆರೆಗಳು ಅಷ್ಟೇನೂ ನೆಟ್ಟಗಿರುವುದಿಲ್ಲ.

ಆ ಶುಕ್ರವಾರ ಬಂದ ಅತಿಥಿಗಳು ಖೋರ್ ಬ್ರದರ್ಸ್, ಅಲ್ ಖೋರ್ ಕಡೆಯ ಮಲಯಾಳಿಗಳು. ನಾವು ಅವರನ್ನು ಅದುವರೆಗೆ ಸೋಲಿಸಿದ್ದಿಲ್ಲ. ಆದರೆ ನಮ್ಮಲ್ಲೊಬ್ಬನಿಗೆ ಅಂದು ತಂಡದ ಗೆಲುವಿಗಿಂತ ಬೇರೆಯದೇ ಚಿಂತೆಯಿತ್ತು. ಅವನು ಸದಾನಂದ, ವಾರವಿಡೀ ಸ್ಟೋರ್ ಕೀಪರ್, ಶುಕ್ರವಾರ ಗೋಲ್ ಕೀಪರ್. ಅವನ ಹೆಂಡತಿ ಜಲಜಾಕ್ಷಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಮದುವೆಯಾದಂದಿನಿಂದ ಅವಳು ಫೋನಿನಲ್ಲಿ ಕೇಳಿದ್ದ ಗಂಡನ ಆಟವನ್ನು ಕಣ್ಣಿಂದ ಕಾಣಲಿದ್ದುದು ಅದೊಂದೇ ಸಲ; ಮುಂದಿನ ಶುಕ್ರವಾರದೊಳಗೆ ಅವಳು ಊರಿಗೆ ಹೊರಡುವವಳು.

ಮಡಚುವ ಕುರ್ಚಿಯನ್ನು ಅವಳಿಗೆ ಕೊಟ್ಟು ನಾನು ನೀರಿನ ಕ್ಯಾನಿನ ಮೇಲೆ ಕೂತೆ. ಕೂತ ಕೂಡಲೇ ಅವಳು ಶುರು ಮಾಡಿದಳು.

"ಸರ್, ನೀವು ಓದಿದವರು, ಸತ್ಯ ಹೇಳಿ. ಇವರು ಫೋನಲ್ಲಿ ಹೇಳುವುದು ಕೇಳಿದ್ರೆ ಬಾಲೇ ಇವರನ್ನು ನೋಡಿ ಹೆದರಿ ವಾಪಸ್ ಹೋಗ್ತದಂತೆ. ಮನೆಯಲ್ಲಿ ಹಾಲಿನ ಪಾತ್ರೆ ಕೊಟ್ರೆ ಕೈಯಲ್ಲಿ ನಿಲ್ಲುದಿಲ್ಲ, ಗೊತ್ತುಂಟಾ?"

ಗೋಲಿನ ಕಂಬದ ಬಳಿಯಿಂದಲೇ ಸದಾನಂದ ಕೂಗಿದ: "ಅದು ಬಿಸಿ ಇತ್ತು ಮಾರಾಯ್ತಿ!"

"ಬಾಲು ತಣ್ಣಗಿರ್ತದಾ ಹಾಗಾದ್ರೆ?"

ನಮ್ಮವರೆಲ್ಲ ನಕ್ಕರು. ಸದಾನಂದನೂ ನಕ್ಕ, ನಕ್ಕು ಮತ್ತೆ ಮತ್ತೆ ಕೈಗವಸು ಬಿಗಿದುಕೊಂಡ.

ಅತಿಥಿಗಳ ಮಿನಿಬಸ್ಸು ದಾರಿ ತಪ್ಪಿ ತಡವಾಗಿ ಬಂದದ್ದರಿಂದ ಆಟವೂ ತಡವಾಗಿ ಶುರುವಾಯಿತು. ಆಮೇಲೆ ನಡೆದದ್ದು ನಮ್ಮ ತಂಡದ ಚರಿತ್ರೆಯಲ್ಲೇ ಕಂಡರಿಯದ ಸಂಗತಿ. ನಮ್ಮವರು ಚೆನ್ನಾಗಿ ಆಡಿದರು. ಹಮೀದಾಕನ ಮೊಣಕಾಲಿಗೆ ತಾಗಿದ ಚೆಂಡು, ಅವರಿಗೇ ಗೊತ್ತಾಗದಂತೆ, ಎದುರಾಳಿಯ ಬಲೆಯೊಳಗೆ ಹೋಯಿತು. ಅದಾದ ಮೇಲೆ ನಮ್ಮ ಹಿಂಬದಿಯ ಆಟಗಾರರು ಒಂದು ಚೆಂಡನ್ನೂ ಗೋಲಿನತ್ತ ಬಿಡಲಿಲ್ಲ. ಗೋಲ್ ಕೀಪರನ ಹಣೆಬರಹದ ವಿಚಿತ್ರ ಅಂದೇ ನನಗೆ ಹೊಳೆದದ್ದು. ತನ್ನವರು ಬಲವಾಗಿದ್ದಷ್ಟೂ ಅವನು ಕಾಣಿಸುವುದಿಲ್ಲ. ಅವನ ಕೌಶಲ ಬೆಳಗಬೇಕಾದರೆ ಅವನ ಗೆಳೆಯರು ಎಡವಬೇಕು. ಮನೆಗೆ ಬೆಂಕಿ ಬೀಳಲಿ ಎಂದು ಹಾರೈಸಲಾಗದ ಅಗ್ನಿಶಾಮಕನಂತೆ ಸದಾನಂದ ಆ ಮೂರು ಕಂಬಗಳ ನಡುವೆ ಅತ್ತಿಂದಿತ್ತ ತಿರುಗಾಡಿದ.

"ಕಂಬ ನಾಲ್ಕಾಯ್ತಲ್ಲ ಸರ್," ಎಂದಳು ಜಲಜಾಕ್ಷಿ. ಆದರೆ ಈ ಸಲ ಅವಳ ದನಿಯಲ್ಲಿ ಕುಚೋದ್ಯ ಕಡಿಮೆಯಿತ್ತು. ಅವಳೂ ಕಾಯುತ್ತಿದ್ದಳು.

ಹೊತ್ತು ಇಳಿದು ಮರಳು ಕೇಸರಿಯಾಗಿತ್ತು. ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಅತಿಥಿಗಳ ನಾಯಕ ಶಾಜಿ ಚೆಂಡು ತಳ್ಳಿಕೊಂಡು ಒಳನುಗ್ಗಿದ, ನಮ್ಮವನೊಬ್ಬ ಕಾಲು ಅಡ್ಡ ಹಾಕಿದ, ಶಾಜಿ ಬಿದ್ದ, ರೆಫರಿ ಉಸ್ಮಾನ್ ದೂರದಿಂದಲೇ ಸೀಟಿ ಊದಿದ. ಆ ಸೀಟಿಯ ಬೆನ್ನಿಗೇ ಪಕ್ಕದ ಮಸೀದಿಯಿಂದ ಸಂಜೆಯ ಬಾಂಗು ಎದ್ದಿತು. ಉಸ್ಮಾನ್ ಸೂಡಾನಿನವರು, ಎತ್ತರದ, ಮೃದುಮಾತಿನ ಮನುಷ್ಯ. "ಖಲಾಸ್, ಖಲಾಸ್! ನಮಾಜ್ ಕೇ ಬಾದ್ ದೇಖೇಂಗೇ" ಎಂದು ಕೈಯೆತ್ತಿ, ನೀರಿನ ನಲ್ಲಿಯತ್ತ ನಡೆದರು.

ಹೀಗೆ ಆಟ ನಿಂತಾಗ ಚೆಂಡನ್ನು ಅಲ್ಲೇ ಬಿಟ್ಟರೆ ಗಾಳಿ ಉರುಳಿಸಿಕೊಂಡು ಹೋಗುತ್ತದೆ. ಅದಕ್ಕೆ ನಮ್ಮ ಬಯಲುಗಳಲ್ಲೊಂದು ರೂಢಿ: ಚೆಂಡು ಎತ್ತಿಕೊಂಡು ಅದರ ಜಾಗದಲ್ಲಿ ಒಂದು ಚಪ್ಪಲಿ ಇಡುವುದು. ಬೂಟು ಹಾಕಿಕೊಳ್ಳದೆ ಬಂದವನು ನಾನೊಬ್ಬನೇ ಆದ್ದರಿಂದ ನನ್ನ ಬಲಗಾಲಿನ ಚಪ್ಪಲಿಯೇ ಹೋಯಿತು. ಯಾರೋ ಕೇಳಿದರು, ಕಾಲಿನಿಂದಲೇ ಎಸೆದೆ, ಅವರು ಇಟ್ಟರು. ಕೆಲವರು ಚಾಪೆ ಹಾಸಿ ಸಾಲಾಗಿ ನಿಂತರು. ಉಳಿದವರು ನೀರು ಕುಡಿದರು, ಫೋನು ನೋಡಿದರು. ನಾನು ಒಂಟಿ ಚಪ್ಪಲಿಯಲ್ಲಿ ಕೂತು ಜಲಜಾಕ್ಷಿಗೆ, ಇಲ್ಲಿ ಕಡಲು ಯಾವ ದಿಕ್ಕಿಗಿದೆ ಎಂದು ವಿವರಿಸುತ್ತಿದ್ದೆ.

ನಮಾಜು ಮುಗಿದು ಎಲ್ಲರೂ ಮರಳಿದಾಗ ಚಪ್ಪಲಿ ಇರಲಿಲ್ಲ.

ನಮ್ಮವರು ಅವರನ್ನು ನೋಡಿದರು, ಅವರು ನಮ್ಮವರನ್ನು. "ಚಪ್ಪಲಿಗೂ ಕಾಲು ಬಂತಾ?" ಎಂದು ಹಮೀದಾಕ ಗುಡುಗಿದರು. ಅಷ್ಟರಲ್ಲಿ ಜಲಜಾಕ್ಷಿ ಕಿಸಕ್ಕನೆ ನಕ್ಕು ಬೆರಳು ಚಾಚಿದಳು. ತೀರ್ಪುಗಾರ ಉಸ್ಮಾನರು ಗಂಭೀರವಾಗಿ ನಡೆದು ಬರುತ್ತಿದ್ದರು. ಅವರ ಎಡಗಾಲಿನಲ್ಲೊಂದು ಕಂದು ಚಪ್ಪಲಿ, ಬಲಗಾಲಿನಲ್ಲಿ ನನ್ನ ನೀಲಿ ಚಪ್ಪಲಿ. ನಲ್ಲಿಯ ಬಳಿ ಕಾಲು ತೊಳೆಯಲು ಬೂಟು ಬಿಚ್ಚಿದವರು, ಅಲ್ಲಿ ಸಿಕ್ಕಿದ್ದು ಒಂದೇ ಆದ್ದರಿಂದ, ದಾರಿಯಲ್ಲಿ ಬಿದ್ದಿದ್ದ ಇನ್ನೊಂದನ್ನೂ ಮೆಟ್ಟಿಕೊಂಡು ಮೈದಾನವನ್ನೆಲ್ಲ ಸುತ್ತಿ ಬಂದಿದ್ದರು.

ನಗು ಎರಡೂ ಕಡೆಯಿಂದ ಎದ್ದಿತು, ಮತ್ತು ಎರಡೂ ಕಡೆ ಒಟ್ಟಿಗೇ ನಿಂತಿತು. ಏಕೆಂದರೆ ಚೆಂಡು ಗೋಲಿನ ಮುಂದಿನ ದೊಡ್ಡ ಚೌಕದ ಒಳಗಿದ್ದರೆ ಪೆನಾಲ್ಟಿ: ಒದೆಯುವವನೊಬ್ಬ, ತಡೆಯುವವನೊಬ್ಬ. ಹೊರಗಿದ್ದರೆ ಬರೀ ಫ್ರೀ ಕಿಕ್: ನಮ್ಮ ಅರ್ಧ ತಂಡವೇ ಗೋಡೆಯಾಗಿ ಅಡ್ಡ ನಿಲ್ಲಬಹುದು. ನಾನೆಳೆದ ಗೆರೆಯೋ, ಕಾಲ್ತುಳಿತಕ್ಕೆ ಅಲ್ಲಲ್ಲಿ ಅಳಿಸಿ ಹೋಗಿತ್ತು. ಅವರು ಒಬ್ಬೊಬ್ಬರೂ ಒಳಗೆ ಎಂದರು, ನಮ್ಮವರು ಒಬ್ಬೊಬ್ಬರೂ ಹೊರಗೆ ಎಂದರು, ಮತ್ತು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು.

"ಪ್ರೊಫೆಸರ್ ಸಾಬ್ ಬೋಲೇಗಾ," ಎಂದ ಶಾಜಿ. "ಚಪ್ಪಲ್ ಉನ್ಕಾ ಹೈ."

ಹಮೀದಾಕ ನನ್ನ ಹೆಗಲ ಮೇಲೆ ಕೈಯಿಟ್ಟರು. "ಹೇಳಿ ಪ್ರೊಫೆಸರೇ. ನೀವು ನೋಡ್ತಾ ಕೂತಿದ್ರಲ್ಲ. ಹೊರಗೆ ಅಲ್ವಾ?"

ನಾನು ಕಣ್ಣು ಮುಚ್ಚಿ ನೋಡಿದೆ. ನೀಲಿ ಚಪ್ಪಲಿ ಗೆರೆಯ ಈಚೆಗಿತ್ತು, ಸ್ಪಷ್ಟವಾಗಿ, ಅದರ ನೆರಳೂ ಸೇರಿದಂತೆ. ಇನ್ನೊಮ್ಮೆ ನೋಡಿದೆ. ಗೆರೆಯ ಆಚೆಗಿತ್ತು, ಅಷ್ಟೇ ಸ್ಪಷ್ಟವಾಗಿ, ನೆರಳೂ ಸೇರಿದಂತೆ. ಹಮೀದಾಕ ಕೇಳಿದಾಗ ಒಂದು ಚಿತ್ರ, ಶಾಜಿಯ ಮುಖ ಕಂಡಾಗ ಇನ್ನೊಂದು. ನನ್ನ ನೆನಪು ಕೇಳಿದವರಿಗೆ ಕೇಳಿದ ಚಹಾ ಕೊಡುವ ಹೋಟೆಲಿನವನಂತೆ ವರ್ತಿಸುತ್ತಿತ್ತು. "ನನಗೆ ಗೊತ್ತಿಲ್ಲ" ಎಂದೆ.

"ಎಂತ ಸಾವು ಮಾರಾಯ್ರೆ! ನಿಮ್ಮದೇ ಚಪ್ಪಲಿ ಎಲ್ಲಿತ್ತೆಂದು ನಿಮಗೆ ಗೊತ್ತಿಲ್ವಾ?" ಎಂದರು ಹಮೀದಾಕ.

ಆಗಲೇ ಗೋಲಿನ ಕಡೆಯಿಂದ ಒಂದು ದನಿ ಬಂತು. "ಒಳಗಿತ್ತು."

ಎಲ್ಲರೂ ತಿರುಗಿದರು. ಸದಾನಂದ ಗೆರೆಯೊಳಗಿನ ಒಂದು ಜಾಗಕ್ಕೆ ಬಂದು ಹಿಮ್ಮಡಿಯಿಂದ ಮರಳು ಕೆದಕಿ ಗುರುತು ಮಾಡಿದ. "ಇಲ್ಲಿ. ಪೆನಾಲ್ಟಿ ಕೊಡಿ."

"ನಿನಗೆ ಮರ್ಲಾ ಸದಾನಂದಾ, ಹುಚ್ಚಾ?" ಹಮೀದಾಕನ ಧ್ವನಿ ಸೀಳಿತು. "ಇಷ್ಟು ವರ್ಷಕ್ಕೆ ಒಂದು ಸಲ ಗೆಲ್ತಾ ಇದ್ದೇವೆ!"

ಸದಾನಂದ ಕೈಗವಸನ್ನು ಮತ್ತೊಮ್ಮೆ ಬಿಗಿದುಕೊಂಡ. ಅವನ ಕಣ್ಣು ನನ್ನ ಮಡಚುವ ಕುರ್ಚಿಯ ಮೇಲಿತ್ತು. ಕುರ್ಚಿ ಬರಿದಾಗಿತ್ತು, ಜಲಜಾಕ್ಷಿ ಎದ್ದು ನಿಂತಿದ್ದಳು. ಸ್ವಂತ ತಂಡದವನೇ ಒಪ್ಪಿದ ಮೇಲೆ ರೆಫರಿಗೆ ಮಾತಿಲ್ಲ. "ಯಲ್ಲಾ, ಶುರು ಕರೋ" ಎಂದು ಉಸ್ಮಾನ್ ನನ್ನ ಚಪ್ಪಲಿ ಕಳಚಿ ನನ್ನತ್ತ ಎಸೆದು ಬೂಟು ತೊಟ್ಟರು.

ಶಾಜಿ ಚೆಂಡಿಟ್ಟ. ಹಿಂದೆ ಸರಿದ. ಸದಾನಂದ ಕೈ ಅಗಲಿಸಿ ನಿಂತ. ನನ್ನ ಪಕ್ಕದಲ್ಲಿ ಜಲಜಾಕ್ಷಿ ಹಾಲಿನ ಪಾತ್ರೆಯ ಸುದ್ದಿ ಎತ್ತಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಶಾಜಿ ಓಡಿ ಬಂದು ಒದ್ದ, ಬಿರುಸಾಗಿ, ತಗ್ಗಿನಲ್ಲಿ, ಮೂಲೆಗೆ. ಸದಾನಂದ ಬಿದ್ದನೋ ಹಾರಿದನೋ, ಎರಡೂ ಮುಷ್ಟಿ ಜೋಡಿಸಿ ಚೆಂಡಿಗೆ ಗುದ್ದಿದ. ಅದು ಕಂಬಕ್ಕೆ ಬಡಿದು ವಾಪಸು ಬಂತು. ಅವನು ಮಂಡಿಯಲ್ಲೇ ತೆವಳಿ, ಶಾಜಿಯ ಬೂಟಿಗಿಂತ ಒಂದು ಉಸಿರು ಮುಂಚೆ, ಅದನ್ನು ಎದೆಗೆ ಅವಚಿಕೊಂಡು ಮರಳಿನಲ್ಲಿ ಮುಖ ಹುದುಗಿಸಿದ.

ಆಮೇಲೆ ಎದ್ದ ಕೂಗು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದರಲ್ಲಿ ನನ್ನದೂ ಇತ್ತು. ಹಮೀದಾಕ ಹಲ್ಲು ಕಚ್ಚಿ ಬೈಯುತ್ತಲೇ ಓಡಿಹೋಗಿ ಅವನ ಮೇಲೆ ಬಿದ್ದರು. ಸೀಟಿ ಮೊಳಗಿತು, ಆಟ ಮುಗಿಯಿತು, ಗೆದ್ದೆವು. ಪಡುಗಡಲು ಫ್ರೆಂಡ್ಸ್ ಖೋರ್ ಬ್ರದರ್ಸನ್ನು ಗೆದ್ದಿತು! ಇದನ್ನು ಬರೆಯುವಾಗಲೂ ಪೆನ್ನು ಕುಣಿಯುತ್ತದೆ. ಶಾಜಿ ಸದಾನಂದನನ್ನು ಅಪ್ಪಿಕೊಂಡು, ನನ್ನ ಕಡೆ ತಿರುಗಿ, "ಅಗಲೀ ಬಾರ್ ಚಪ್ಪಲ್ ನಹೀ, ಪತ್ಥರ್ ರಖೋ ಭಾಯ್" ಎಂದ. ಮುಂದಿನ ಸಲ ಚಪ್ಪಲಿಯಲ್ಲ, ಕಲ್ಲಿಡಬೇಕಂತೆ.

ಸದಾನಂದ ಬಾಯಿಯ ಮರಳು ಉಗುಳುತ್ತ ಹೆಂಡತಿಯ ಮುಂದೆ ಬಂದು ನಿಂತ. ಅವಳು ಅವನ ಗಲ್ಲದ ಮರಳನ್ನು ಸೆರಗಿನಿಂದ ಒರೆಸಿ, ಎಲ್ಲರಿಗೂ ಕೇಳುವಂತೆ, "ನಾಳೆಯಿಂದ ಹಾಲು ನೀವೇ ಇಳಿಸಿ" ಎಂದಳು. ಅವನ ಮುಖ ಅರಳಿದ್ದನ್ನು ವರ್ಣಿಸಲು ಹೋದರೆ ಮರಳುಗಾಳಿ ಬಂದೀತು.

ಚಹಾ ಕುಡಿಯುವಾಗ ನಾನವನನ್ನು ಮೆಲ್ಲಗೆ ಕೇಳಿದೆ: ನಿಜಕ್ಕೂ ಒಳಗಿತ್ತೇ? ಅವನು ಬಟ್ಟಲಿಗೆ ಊದಿದ. "ಒಳಗಿತ್ತು ಸರ್. ಇರದಿದ್ರೆ ನಾನೇ ಎಳ್ದು ಒಳಗೆ ಹಾಕ್ತಿದ್ದೆ."

ಮನೆಗೆ ಬಂದು ಚಪ್ಪಲಿ ಕಳಚುವಾಗ ಅಡಿಯ ಸುಣ್ಣ ಕಂಡಿತು. ಗೆರೆಯೂ ಚೌಕದ್ದೇ, ಗೆರೆಗೆ ತಾಗಿದ್ದರೂ ಪೆನಾಲ್ಟಿಯೇ. ಇತಿಹಾಸ ಓದಿದವನ ಎದೆ ಒಮ್ಮೆ ಹೊಡೆದುಕೊಂಡಿತು: ಸಾಕ್ಷ್ಯ! ಮರುಕ್ಷಣ ಉಸ್ಮಾನರ ಕಾಲು ನೆನಪಾಯಿತು. ಆ ಚಪ್ಪಲಿ ಮೈದಾನದ ಗೆರೆಗಳನ್ನೆಲ್ಲ ಮೆಟ್ಟಿ ಬಂದಿತ್ತು. ಅದು ಎಲ್ಲವನ್ನೂ ಹೇಳುತ್ತಿತ್ತು, ಆದ್ದರಿಂದ ಏನನ್ನೂ ಹೇಳುತ್ತಿರಲಿಲ್ಲ. ಆದರೂ ತೊಳೆಯಲು ಮನಸ್ಸು ಬಾರದೆ ಹಾಗೆಯೇ ಇಟ್ಟೆ.

ಮೊನ್ನೆ ಸದಾನಂದ ನನ್ನಲ್ಲಿಗೆ ಬಂದಿದ್ದ. ಊರಿಗೆ ಮರಳಿದ ಜಲಜಾಕ್ಷಿ ತಂಗಿಗೆ ಹೇಳಿದ್ದ ಕತೆ ಹೇಗೋ ವಾಯ್ಸ್ ಮೆಸೇಜಾಗಿ ಅವನ ಫೋನಿಗೇ ಬಂದಿತ್ತು. ಇಬ್ಬರೂ ಕೇಳಿದೆವು. ಅವಳ ಕತೆಯಲ್ಲಿ ಶಾಜಿ ಆನೆಯಷ್ಟು ದೊಡ್ಡವನಾಗಿದ್ದ, ಜನ ಕಡಲಿನಷ್ಟಿದ್ದರು, ಸದಾನಂದ ಗಾಳಿಯಲ್ಲಿ ಹಾರಿ ಚೆಂಡನ್ನು "ಒಂದೇ ಕೈಯಲ್ಲಿ ಮಾರಾಯ್ತಿ, ಒಂದೇ ಕೈಯಲ್ಲಿ, ಹಲಸಿನ ಹಣ್ಣು ಹಿಡಿದ ಹಾಗೆ" ಹಿಡಿದಿದ್ದ. ಇಷ್ಟು ವರ್ಷ ಹೇಳುವವನು ಅವನಾಗಿದ್ದ, ನಗುವವಳು ಅವಳಾಗಿದ್ದಳು. ಈಗ ಅವನು ಕಿವಿ ಕೆಂಪಾಗಿಸಿಕೊಂಡು ಸುಮ್ಮನೆ ಕೇಳುತ್ತಿದ್ದ.

"ಇದು ಸ್ವಲ್ಪ ಜಾಸ್ತಿಯಾಯ್ತು ಅಲ್ವಾ ಸರ್?" ಎಂದ. "ನಾನು ಎರಡು ಕೈ ಹಾಕಿದ್ದಲ್ವಾ? ನೀವು ಡೈರಿ ಬರೀತೀರಿ, ನಿಮಗೆ ಗೊತ್ತಿರ್ತದೆ."

ನನ್ನ ಬಾಳಿನಲ್ಲಿ ಅಷ್ಟು ಖಚಿತವಾಗಿ ನಾನು ಯಾವ ಸಾಕ್ಷಿಯನ್ನೂ ನುಡಿದದ್ದಿಲ್ಲ. "ಒಂದೇ ಕೈ," ಎಂದೆ. "ಕಣ್ಣಾರೆ ಕಂಡಿದ್ದೇನೆ."

ನಾಳೆ ಶುಕ್ರವಾರ, ಮತ್ತೆ ನಮ್ಮ ಮನೆಯಂಗಳದ ಆಟ. ಬೆಳಿಗ್ಗೆಯೇ ಹೋಗಿ ಗೆರೆ ಎಳೆಯಬೇಕು. ಸುಣ್ಣದ ಡಬ್ಬಿಯನ್ನು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಅಂದಿನಿಂದ ಮೈದಾನಕ್ಕೆ ಒಯ್ಯದ ಇವೆರಡನ್ನೂ ಈ ಸಲ ಮೆಟ್ಟಿಕೊಂಡೇ ಹೋಗುವವನು. ಸಂಜೆ ಮರಳುವ ಹೊತ್ತಿಗೆ ಎಡಗಾಲಿನದಕ್ಕೂ ಬಿಳಿ ಮೆತ್ತಿ, ಹಳೆಯ ಸುಣ್ಣ ಯಾವುದು ಹೊಸದು ಯಾವುದು ತಿಳಿಯದಂತಾಗಿ, ಅವು ಮತ್ತೆ ಒಂದು ಜೊತೆಯಾಗಿರುತ್ತವೆ.